ಖಂಡಪ್ಪ ಮುಚ್ಚಿದ ಕಿಂಡಿಗಳು

ಮುಲುಂಡ್, ಮೇ 29

ಅಣ್ಣನಿಗೆ ಮಲ್ಲಕ್ಕನ ಶರಣು.

ಇಲ್ಲಿ ಎಲ್ಲರೂ ಕ್ಷೇಮ ಎಂದು ಶುರು ಮಾಡುವುದು ರೂಢಿ. ಎಲ್ಲರೂ ಒದ್ದೆ ಎಂದು ಬರೆದರೆ ಹೆಚ್ಚು ಖರೆ ಆದೀತು. ಈ ವರ್ಷ ಮಳೆ ಬೇಗ ಬಂತು. ಮಾಡಿನ ಮೇಲೆ ತಾಡಪತ್ರಿ ಹೊದಿಸಲು ಇವರಿಗೆ ಒಂದು ರವಿವಾರವನ್ನೂ ಅದು ಬಿಡಲಿಲ್ಲ.

ನಿನ್ನ ಕಿವಿ ಹೋದ ಮೇಲೆ ಫೋನಿನಲ್ಲಿ ನಿನ್ನ ಹೆಂಡತಿ, ಶರಣವ್ವ ವೈನಿ, ನಡುವೆ ನಿಲ್ಲುತ್ತಾಳೆ. ನಾನು ಹತ್ತು ಮಾತು ಹೇಳಿದರೆ ನಿನಗೆ ಎರಡು ಮುಟ್ಟುತ್ತವೆ, ಅವೂ ವೈನಿಯ ಮಾತುಗಳೇ. ಅದಕ್ಕೇ ಈ ಪತ್ರ. ಮೂರು ಮನೆಗಳ ಅಡುಗೆ ಮುಗಿಸಿ ಬಂದು ಮಧ್ಯಾಹ್ನ ಬರೆಯುತ್ತಿದ್ದೇನೆ, ಅಕ್ಷರಕ್ಕೆ ನಗಬೇಡ.

ಮುನಸಿಪಾಲ್ಟಿಯ ನೋಟೀಸು ಬಂತು. ಗುಡ್ಡದ ಇಳಿಜಾರಿನ ಮನೆಗಳಿಗೆ ಅಪಾಯವಿದೆ, ಮಳೆಗಾಲಕ್ಕೆ ಮುಂಚೆ ಖಾಲಿ ಮಾಡಿರಿ ಎಂದು ಪ್ರತಿ ವರ್ಷ ಬಾಗಿಲಿಗೆ ಅಂಟಿಸಿ ಹೋಗುತ್ತಾರಲ್ಲ, ಅದೇ. ಆದರೆ ಈ ಸಲ ಇವರ ಹೆಸರನ್ನು ಖಂಡಪ್ಪ ಎಂದು ಸರಿಯಾಗಿ ಬರೆದಿದ್ದಾರೆ, ಮನೆ ನಂಬರು ಇದೆ, ಆಫೀಸಿನ ಶಿಕ್ಕಾ ಕೂಡ ಚೊಕ್ಕಾಗಿ ಮೂಡಿದೆ. ಲ್ಯಾಮಿನೇಶನ್ ಮಾಡಿಸಿ ಟ್ರಂಕಿನಲ್ಲಿಟ್ಟೆ. ಇಂಥವು ಹನ್ನೊಂದು ಆದವು. ನಾವು ಇಷ್ಟು ವರ್ಷ ಇಲ್ಲೇ ಇದ್ದೇವೆ ಎನ್ನುವುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಯಾವುದಿದೆ? ಗುಡ್ಡದಲ್ಲಿ ಯಾರು ಯಾರು ವಾಸವಿದ್ದಾರೆ ಎಂದು ಇದೇ ಮಳೆಗಾಲದಲ್ಲಿ ಸರ್ವೇ ಆಗುತ್ತದಂತೆ. ಹೆಸರು ಸೇರಿದರೆ ಕೆಳಗೆ ಪಕ್ಕಾ ಬಿಲ್ಡಿಂಗಿನಲ್ಲಿ ರೂಮು.

ಮನೆಯ ಹಿಂದೆ ಗುಡ್ಡವನ್ನು ತಡೆದು ನಿಂತ ಕಲ್ಲಿನ ಗೋಡೆ ನಿನಗೆ ನೆನಪಿರಬೇಕು. ಅದರಲ್ಲಿ ಅಲ್ಲಲ್ಲಿ ಪೈಪಿನ ತುಂಡು ಕೂಡಿಸಿದ ಕಿಂಡಿಗಳಿವೆ. ಮಳೆ ಬಂತೆಂದರೆ ಅವುಗಳಿಂದ ಕೆಂಪು ನೀರು ಸುರಿದು ನೇರ ನನ್ನ ಒಲೆಯ ಮುಂದೆ ಬರುತ್ತದೆ. ಹೋದ ವಾರ ಒಂದರಿಂದ ಇಲಿಯೂ ಬಂತು. ಯಾವ ಪುಣ್ಯಾತ್ಮ ಇಟ್ಟನೋ ಇವನ್ನು.

ಮೊಬೈಲಿನಲ್ಲಿ ದಿನಾ ಹಳದಿ ಅಲರ್ಟ್, ಕಿತ್ತಳೆ ಅಲರ್ಟ್ ಎಂದು ಬರುತ್ತದೆ. ನೀನು ಹವಾಮಾನದ ಆಫೀಸಿನಲ್ಲಿ ಮಳೆ ಅಳೆದೇ ಪಿಂಚಣಿ ತೆಗೆದುಕೊಂಡವನು. ಈ ಬಣ್ಣಗಳ ಅರ್ಥ ಏನು, ಹೇಳು.

ನಿನ್ನ ತಂಗಿ
ಮಲ್ಲಕ್ಕ


ವಿಜಯಪುರ, ಜೂನ್ 6

ಮಲ್ಲಕ್ಕಾ,

ನಿನ್ನ ಪತ್ರ ಏಳು ದಿನ ತೆಗೆದುಕೊಂಡು ಬಂತು. ಮಾನ್ಸೂನು ಕೇರಳದಿಂದ ಮುಂಬಯಿಗೆ ಬರಲು ಸಾಧಾರಣವಾಗಿ ಹತ್ತು ದಿನ ತೆಗೆದುಕೊಳ್ಳುತ್ತದೆ. ಅದಕ್ಕೆ ಹೋಲಿಸಿದರೆ ನಮ್ಮ ಅಂಚೆಯವರನ್ನು ಬೈಯುವಂತಿಲ್ಲ.

ಮೊದಲು ಬೈಗುಳ, ಆಮೇಲೆ ಪಾಠ. ಮನೆ ಬಿಡು ಎಂದು ಕೊಟ್ಟ ಕಾಗದವನ್ನು ಮನೆ ಬಿಡದೆ ಇದ್ದುದಕ್ಕೆ ಸಾಕ್ಷಿ ಎಂದು ಟ್ರಂಕಿನಲ್ಲಿ ಇಡುವವರನ್ನು ನಾನು ಎಲ್ಲಿಯೂ ಕಂಡಿಲ್ಲ. ನಿನ್ನ ಮಗಳು ರಾಧಿಕಾ ಬೊರಿವಲಿಯಲ್ಲಿ ಇದ್ದಾಳೆ. ನೀನೂ ಖಂಡಪ್ಪನವರೂ ಸಪ್ಟೆಂಬರ್ ತನಕ ಅಲ್ಲಿಗೆ ಹೋಗಿರಿ.

ಈಗ ಬಣ್ಣ. ಹಳದಿ ಎಂದರೆ ಕಣ್ಣಿಡು. ಕಿತ್ತಳೆ ಎಂದರೆ ಸಿದ್ಧವಾಗು. ಕೆಂಪು ಎಂದರೆ ಎದ್ದು ಮಾಡಬೇಕಾದ್ದನ್ನು ಮಾಡು. ಇಪ್ಪತ್ತನಾಲ್ಕು ತಾಸಿನಲ್ಲಿ ಅರವತ್ತೈದು ಮಿಲಿಮೀಟರ್ ಆದರೆ ಅದನ್ನು ಭಾರಿ ಮಳೆ ಎನ್ನುತ್ತೇವೆ, ನೂರಾ ಹದಿನಾರರ ಮೇಲೆ ಅತಿ ಭಾರಿ, ಇನ್ನೂರಾ ನಾಲ್ಕು ದಾಟಿದರೆ ಅತ್ಯಂತ ಭಾರಿ. ಮಿಲಿಮೀಟರ್ ಎಂದರೆ ಸಣ್ಣದು ಎಂದು ತಿಳಿಯಬೇಡ. ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲದ ಜಾಗದಲ್ಲಿ ಒಂದು ಮಿಲಿಮೀಟರ್ ಬಿದ್ದರೆ ಒಂದು ಲೀಟರ್ ನೀರು. ಒಂದು ಗುಂಟೆ ಗುಡ್ಡದ ಮೇಲೆ ನೂರು ಮಿಲಿಮೀಟರ್ ಬಿದ್ದರೆ ಹತ್ತು ಸಾವಿರ ಲೀಟರ್, ನಿಮ್ಮ ಸೊಸೈಟಿಗಳಿಗೆ ಬರುವ ದೊಡ್ಡ ಟ್ಯಾಂಕರ್ ಒಂದು. ನಿನ್ನ ಮನೆಯ ಹಿಂದಿನ ಗುಡ್ಡ ಎಷ್ಟು ಗುಂಟೆ ಇದೆಯೋ ಅಷ್ಟು ಟ್ಯಾಂಕರ್ ನಿನ್ನ ತಲೆಯ ಮೇಲೆ ನಿಂತಿವೆ ಎಂದು ತಿಳಿ.

ಬಾಯಿಯಿಂದ ತಳದವರೆಗೆ ಒಂದೇ ಅಗಲವಿರುವ ಡಬ್ಬಿಯನ್ನು ಬಯಲಿನಲ್ಲಿಟ್ಟು, ದಿನಾ ಬೆಳಿಗ್ಗೆ ಎಂಟೂವರೆಗೆ ನೀರಿನ ಆಳವನ್ನು ಅಳತೆಪಟ್ಟಿಯಿಂದ ನೋಡಿ ಬರೆ. ಎಂಟೂವರೆಗೇ. ದೇಶವೆಲ್ಲ ಆ ಹೊತ್ತಿಗೇ ಅಳೆಯುತ್ತದೆ.

ನಿನ್ನ ಅಣ್ಣ
ಅಣವೀರಪ್ಪ


ಮುಲುಂಡ್, ಜೂನ್ 17

ಅಣ್ಣಾ,

ದೇಶವೆಲ್ಲ ಎಂಟೂವರೆಗೆ ಮಳೆ ಅಳೆಯಲಿ, ನಾನು ಆ ಹೊತ್ತಿಗೆ ಎರಡನೇ ಮನೆಯಲ್ಲಿ ಚಪಾತಿ ಲಟ್ಟಿಸುತ್ತಿರುತ್ತೇನೆ. ಆರೂವರೆಗೆ ಅಳೆದಿದ್ದೇನೆ, ಬೇಕಾದರೆ ತೆಗೆದುಕೋ. ಮೊದಲ ದಿನ ಹದಿನೆಂಟು. ಎರಡನೇ ದಿನ ಮೂವತ್ತೊಂದು. ಮೂರನೇ ದಿನ ಬೆಕ್ಕು ಡಬ್ಬಿಗೆ ಬಾಯಿ ಹಾಕಿತು, ಆ ದಿನವನ್ನು ಲೆಕ್ಕಕ್ಕೆ ಹಿಡಿಯಬೇಡ. ಮೊನ್ನೆ ಎಪ್ಪತ್ತನಾಲ್ಕು. ಅಂದರೆ ನಿನ್ನ ಭಾಷೆಯಲ್ಲಿ ಭಾರಿ. ನಮ್ಮ ಭಾಷೆಯಲ್ಲಿ ಲೋಕಲ್ ಬಂದ್, ಕೆಲಸಕ್ಕೆ ನಡೆದುಕೊಂಡು ಹೋಗು.

ರಾಧಿಕಾ ದಿನಾ ಫೋನ್ ಮಾಡುತ್ತಾಳೆ. "ಅವ್ವಾ, ಪ್ಲೀಸ್, ಇಧರ್ ಬಾ ನಾ. ಅಲ್ಲಿ ಡೇಂಜರ್ ಐತಿ" ಎನ್ನುತ್ತಾಳೆ. ನನಗೆ ಹೋಗಬಾರದು ಎಂದಿಲ್ಲ ಅಣ್ಣ. ಸರ್ವೇಯ ರೀತಿ ನಿನಗೆ ಗೊತ್ತಿಲ್ಲ. ಅವರು ಬಂದ ದಿನ ಬಾಗಿಲಿಗೆ ಕೀಲಿ ಇದ್ದರೆ "ಮನೆಯಲ್ಲಿ ವಾಸವಿಲ್ಲ" ಎಂದು ಬರೆದು ಮುಂದೆ ಹೋಗುತ್ತಾರೆ. ಆಮೇಲೆ ಹತ್ತು ಆಫೀಸಿಗೆ ಅಲೆದರೂ ಹೆಸರು ಸೇರುವುದಿಲ್ಲ. ಯಾವ ದಿನ ಬರುತ್ತಾರೆ ಎಂದೂ ಹೇಳುವುದಿಲ್ಲ. ಇಪ್ಪತ್ತಾರು ವರ್ಷ ಈ ಗುಡ್ಡದಲ್ಲಿ ಕೆಸರು ತುಳಿದು, ಎರಡು ತಿಂಗಳು ಬೊರಿವಲಿಯಲ್ಲಿ ಮಲಗಿ ಅದನ್ನು ಕಳೆದುಕೊಳ್ಳಲೇ? ಹೋಗುವುದಿಲ್ಲ.

ಒಂದು ಒಳ್ಳೆಯ ಸುದ್ದಿ. ಗೋಡೆಯ ನೀರಿನ ಕಾಟ ಮುಗಿಯಿತು. ನಮ್ಮ ಮನೆಯವರು ಎರಡು ದಿನ ಕೂತು ಕೆಲಸ ಮಾಡಿದರು. ನಿನಗೆ ಗೊತ್ತಲ್ಲ, ಗೋಡೆ ಕಟ್ಟುವ ಗೌಂಡಿ ಕೆಲಸದಲ್ಲಿ ಇವರನ್ನು ಮೀರಿಸುವವರು ಯಾರೂ ಇಲ್ಲ. ಈಗ ಒಲೆಯ ಮುಂದೆ ಚಾಪೆ ಹಾಸಿ ಮಲಗಬಹುದು, ಅಷ್ಟು ಒಣಗಿದೆ.

ಮೊದಲೆಲ್ಲ ಮಳೆ ದಿನವಿಡೀ ಜಿಟಿಜಿಟಿ ಬರುತ್ತಿತ್ತು. ಈಗ ನಾಲ್ಕು ದಿನ ಬಿಸಿಲು, ಐದನೇ ದಿನ ಎರಡು ತಾಸಿನಲ್ಲಿ ಊರು ಮುಳುಗುತ್ತದೆ. ಯಾಕೆ?

ಮಲ್ಲಕ್ಕ


ವಿಜಯಪುರ, ಜೂನ್ 25

ಮಲ್ಲಕ್ಕಾ,

ಒಳ್ಳೆಯ ಪ್ರಶ್ನೆ ಕೇಳಿದ್ದೀ. ನನ್ನ ಕೈಕೆಳಗೆ ಕೆಲಸ ಮಾಡಿದ ಹುಡುಗರು ಕೂಡ ಇಂಥದ್ದು ಕೇಳುತ್ತಿರಲಿಲ್ಲ.

ಅದಕ್ಕೆ ಮೊದಲು, ಗೋಡೆಯ ನೀರಿಗೆ ಒಂದು ವ್ಯವಸ್ಥೆ ಮಾಡಿದ ಖಂಡಪ್ಪನವರಿಗೆ ನನ್ನ ಶಾಬಾಸ್ ಹೇಳು. ಗುಡ್ಡದ ಕೆಳಗೆ ಇರುವವರೆಲ್ಲ ಅವರಂತೆ ಮಾಡಿಕೊಂಡರೆ ಅರ್ಧ ಅಪಾಯ ತಪ್ಪುತ್ತದೆ. ಓದಿದ ಎಂಜಿನಿಯರರಿಗೆ ಹೊಳೆಯದ್ದು ಒಬ್ಬ ಒಳ್ಳೆಯ ಗೌಂಡಿಗೆ ಹೊಳೆಯುತ್ತದೆ.

ಈಗ ಮಳೆ. ಅರಬ್ಬೀ ಸಮುದ್ರ ಮೊದಲಿಗಿಂತ ಬಿಸಿಯಾಗಿದೆ. ಬಿಸಿ ಗಾಳಿ ಹೆಚ್ಚು ಆವಿಯನ್ನು ಹೊರುತ್ತದೆ. ಒಂದು ಡಿಗ್ರಿ ಬಿಸಿ ಏರಿದರೆ ಹೊರಬಲ್ಲ ಆವಿ ನೂರಕ್ಕೆ ಏಳರಷ್ಟು ಏರುತ್ತದೆ. ಹೆಚ್ಚು ಹೊತ್ತವನು ಇಳಿಸುವಾಗಲೂ ಹೆಚ್ಚು ಇಳಿಸುತ್ತಾನೆ, ಒಮ್ಮೆಲೇ ಇಳಿಸುತ್ತಾನೆ. ಅದೇ ಹೊತ್ತಿಗೆ ಸಮುದ್ರದಲ್ಲಿ ಭರತಿ, ಅಂದರೆ ನೀರಿನ ಉಬ್ಬರ, ಇದ್ದರೆ ಗಟಾರದ ನೀರು ಹೊರಗೆ ಹೋಗಲಾರದೆ ಹಿಂದಕ್ಕೆ ಬರುತ್ತದೆ. ಕುರ್ಲಾ, ಸಾಯನ್ ಕಡೆ ಹಳಿ ಮುಳುಗುವುದಕ್ಕೆ ಇದೂ ಒಂದು ಕಾರಣ. ನಿಮ್ಮ ಗುಡ್ಡಕ್ಕೆ ಸಮುದ್ರದ ಹೆದರಿಕೆ ಇಲ್ಲ, ಮಣ್ಣಿನದು ಇದೆ. ಜಿಟಿಜಿಟಿ ಮಳೆ ಮಣ್ಣನ್ನು ನೆನೆಸಿ ತಯಾರು ಮಾಡುತ್ತದೆ, ಆಮೇಲಿನ ಧಾರಾಕಾರ ಮಳೆ ಅದನ್ನು ಕೆಡವುತ್ತದೆ. ಎರಡು ದಿನದ ಮಳೆಯನ್ನು ಕೂಡಿಸಿ ನೋಡುವುದನ್ನು ಮರೆಯಬೇಡ.

ಸರ್ವೇಯ ಮಾತು ನನಗೆ ತಿಳಿಯಲಿಲ್ಲ ಎಂದು ಬರೆದಿದ್ದೀ. ತಿಳಿಯಿತು. ಒಪ್ಪಿಗೆಯಾಗಲಿಲ್ಲ.

ಅಣವೀರಪ್ಪ


ಮುಲುಂಡ್, ಜುಲೈ 6

ಅಣ್ಣಾ,

ನಿನ್ನ ಪತ್ರವನ್ನು ನಳದ ಹತ್ತಿರ ನಿಂತು ಎಲ್ಲರಿಗೂ ಓದಿ ಹೇಳಿದೆ. ಪೂರ್ತಿ ಅಲ್ಲ, ಇವರನ್ನು ಹೊಗಳಿದ ಭಾಗ ಮಾತ್ರ. ಮರಾಠಿಯವರಿಗೆ ಮರಾಠಿಯಲ್ಲಿ ಹೇಳಿದೆ. ಹವಾಮಾನದ ಆಫೀಸಿನಲ್ಲಿದ್ದ ನಮ್ಮಣ್ಣ ಹೀಗೆ ಬರೆದಿದ್ದಾನೆ ಎಂದಾಗ ಇವರ ಮುಖ ನೋಡಬೇಕಿತ್ತು. ಮದುವೆಯ ದಿನವೂ ಇಷ್ಟು ಹಿಗ್ಗಿರಲಿಲ್ಲ.

ಅದರಿಂದ ಏನಾಯಿತು ಎಂದರೆ, ಪಕ್ಕದ ಗಲ್ಲಿಯವರು ಬೆನ್ನು ಹತ್ತಿದರು. ಅಲ್ಲಿ ಗೋಡೆಗೆ ತಾಗಿ ಏಳು ರೂಮುಗಳಿವೆ. ನನ್ನ ಗೆಳತಿ ರಂಜನಾ ಅಲ್ಲೇ ಇರುವುದು. ಕಲಬುರ್ಗಿ ಕಡೆಯ ಗದಿಗೆಪ್ಪ, ಹಮಾಲಿ ಮಾಡುವವನು, ಅವನೂ ಅಲ್ಲೇ. "ಮಾಮಾ, ನಮ್ಮ ಗ್ವಾಡಿಗೂ ಮಾಡಿಕೊಡ್ರಿ, ಸರ್ವೇದವರು ಬಂದಾಗ ಗಲ್ಲಿ ಸ್ವಚ್ಛ ಕಾಣಬೇಕು" ಎಂದು ಗದಿಗೆಪ್ಪ ಕೈ ಹಿಡಿದ. ಇವರು ಮೂರು ದಿನ ಕೆಲಸ ಬಿಟ್ಟು ಮಾಡಿಕೊಟ್ಟರು, ಒಂದು ಚಹಾ ಬಿಟ್ಟರೆ ಏನೂ ತೆಗೆದುಕೊಳ್ಳಲಿಲ್ಲ. ಒಂದೊಂದು ಕಿಂಡಿಗೂ ಗೋಣಿ ತುಣುಕು ತುರುಕಿ, ಇಟ್ಟಿಗೆ ಚೂರು ಜಡಿದು, ಒಂದಕ್ಕೆ ಮೂರು ಮರಳು ಕಲಸಿದ ಸಿಮೆಂಟು ಮೆತ್ತಿ, ಮೇಲೆ ಕರಣೆಯಿಂದ ಒರೆಸಿದ್ದಾರೆ. ಎಲ್ಲಿ ಕಿಂಡಿ ಇತ್ತು ಎಂದು ಹುಡುಕಿದರೂ ಸಿಗುವುದಿಲ್ಲ. ಈಗ ಎಷ್ಟೇ ಮಳೆ ಬರಲಿ, ಎರಡೂ ಗಲ್ಲಿಗೆ ಒಂದು ಹನಿ ಬರುವುದಿಲ್ಲ.

ರಂಜನಾ ಮನೆಯ ಹಿಂದೆ ಮಾತ್ರ ಗೋಡೆ ಸ್ವಲ್ಪ ಹೊಟ್ಟೆ ಬಿಟ್ಟಿದೆ. ಕಲ್ಲಿನ ಮೇಲೆ ಮೆತ್ತಿದ ಹಳೇ ಗಿಲಾವು ಉಬ್ಬಿರಬೇಕು, ಮಳೆಗಾಲ ಮುಗಿದ ಮೇಲೆ ಕೆತ್ತಿ ಹೊಸದಾಗಿ ಮಾಡಿಕೊಡುತ್ತೇನೆ ಎಂದಿದ್ದಾರೆ ಇವರು.

ದೊಡ್ಡ ಸುದ್ದಿ, ಸರ್ವೇಗೆ ತಾರೀಖು ಸಿಕ್ಕಿತು. ಜುಲೈ 17. ನಾನು ಅಡುಗೆ ಮಾಡುವ ಒಂದು ಮನೆಯ ಸಾಹೇಬರು ವಾರ್ಡ್ ಆಫೀಸಿನಲ್ಲಿ ಇದ್ದಾರೆ, ಅವರೇ ಹೇಳಿದ್ದು. ಅದು ಮುಗಿದ ಮರುದಿನ ಬೊರಿವಲಿಗೆ ಹೋಗುತ್ತೇನೆ, ನಿನ್ನಾಣೆ. ಈಗಲಾದರೂ ನಿದ್ದೆ ಮಾಡು.

ಡಬ್ಬಿಯ ಲೆಕ್ಕ: ನಲವತ್ತು, ಐವತ್ತೆರಡು, ಒಂಬತ್ತು, ಅರವತ್ತು.

ಮಲ್ಲಕ್ಕ


ವಿಜಯಪುರ, ಜುಲೈ 12
ಸ್ಪೀಡ್ ಪೋಸ್ಟ್

ಮಲ್ಲಕ್ಕಾ,

ಪತ್ರ ಈಗ ತಾನೇ ಓದಿದೆ. ಶರಣವ್ವನಿಂದ ಫೋನ್ ಮಾಡಿಸಿದೆ. ಕಿಂಡಿ ತೆಗೆಯಬೇಕಂತೆ ಎಂದು ಅವಳು ಹೇಳಿದಳಂತೆ, "ಹೂಂ ವೈನಿ, ಸರ್ವೇ ಮುಗೀಲಿ" ಎಂದು ನೀನು ಹೇಳಿದೆಯಂತೆ. ಸರ್ವೇ ಮುಗಿಯುವ ತನಕ ಗೋಡೆ ಕಾಯುವುದಿಲ್ಲ. ಇದನ್ನು ಖಂಡಪ್ಪನವರ ಮುಂದೆ ಕೂತು, ಒಂದು ಅಕ್ಷರವನ್ನೂ ಬಿಡದೆ ಓದು.

ಆ ಕಿಂಡಿಗಳೇ ಗೋಡೆಯ ಜೀವ. ಗುಡ್ಡದ ಮಣ್ಣು ಕುಡಿದ ನೀರು ಹೊರಗೆ ಬರಲೆಂದೇ ಕಟ್ಟಿದವರು ಅವುಗಳನ್ನು ಇಟ್ಟದ್ದು. ನಿನ್ನ ಒಲೆಯ ಮುಂದೆ ಕೆಂಪು ನೀರು ಬರುತ್ತಿತ್ತಲ್ಲ, ಅದು ಬರುತ್ತಿದ್ದ ತನಕ ಗೋಡೆ ಗಟ್ಟಿ ಇತ್ತು. ಈಗ ಆ ನೀರು ಎಲ್ಲಿಗೆ ಹೋಯಿತು? ಎಲ್ಲಿಗೂ ಹೋಗಿಲ್ಲ. ಗೋಡೆಯ ಹಿಂದೆ ನಿಂತಿದೆ, ದಿನದಿನಕ್ಕೆ ಏರುತ್ತಿದೆ. ಹಿಂದೆ ನಿಂತ ನೀರಿನ ಎತ್ತರ ಎರಡು ಪಟ್ಟಾದರೆ ಅದು ಗೋಡೆಯನ್ನು ದೂಡುವ ಬಲ ನಾಲ್ಕು ಪಟ್ಟಾಗುತ್ತದೆ, ಮೂರು ಪಟ್ಟಾದರೆ ಒಂಬತ್ತು ಪಟ್ಟು. ಮಣ್ಣನ್ನು ತಡೆಯಲು ಕಟ್ಟಿದ ಗೋಡೆ ಕೆರೆಯನ್ನು ತಡೆಯಲಾರದು. ರಂಜನಾ ಮನೆಯ ಹಿಂದೆ ಉಬ್ಬಿದ್ದು ಗಿಲಾವು ಅಲ್ಲ. ಗೋಡೆಯೇ ಹೊರಗೆ ಬರುತ್ತಿದೆ.

ಮಾಡಬೇಕಾದ್ದು ಇಷ್ಟು. ಮೊದಲು ಎರಡೂ ಗಲ್ಲಿಯ ಜನ ಹೊರಗೆ ಬರಬೇಕು. ಆಮೇಲೆ ನಿಮ್ಮ ಗಲ್ಲಿಯ ಗೋಡೆ ನೆಟ್ಟಗೆ ಇದ್ದರೆ, ಎಲ್ಲಿಯೂ ಬಿರುಕು ಇಲ್ಲದಿದ್ದರೆ ಮಾತ್ರ, ಮಗ್ಗುಲಿಗೆ ನಿಂತು ಕಿಂಡಿಗಳನ್ನು ಬಿಚ್ಚಬೇಕು. ಎದುರಿಗೆ ನಿಲ್ಲಬಾರದು. ಹೊಟ್ಟೆ ಬಿಟ್ಟ ಗೋಡೆಯನ್ನು ಮುಟ್ಟಲೇಬಾರದು, ಸುತ್ತಿಗೆಯ ಪೆಟ್ಟಿಗೇ ಬಿದ್ದೀತು. ಆ ಏಳು ರೂಮು ಖಾಲಿಯಾಗಬೇಕು, ಬೇರೆ ದಾರಿ ಇಲ್ಲ. ವಾರ್ಡ್ ಆಫೀಸಿಗೂ ತಿಳಿಸು. ಹದಿನಾಲ್ಕು, ಹದಿನೈದಕ್ಕೆ ಅತಿ ಭಾರಿ ಮಳೆಯ ಮುನ್ಸೂಚನೆ ಇದೆ.

ಸರ್ವೇ ಹೋದರೆ ಹೋಗಲಿ. ನನಗೆ ಇರುವವಳು ನೀನೊಬ್ಬಳೇ ತಂಗಿ.

ಅಣವೀರಪ್ಪ


ಮುಲುಂಡ್, ಜುಲೈ 19

ಅಣ್ಣಾ,

ನಾವು ಬದುಕಿದ್ದೇವೆ. ಅದನ್ನು ವೈನಿ ಹೇಳಿರುತ್ತಾಳೆ. ಉಳಿದದ್ದನ್ನು ನಾನೇ ಬರೆಯಬೇಕು.

ನಿನ್ನ ಪತ್ರ ಹದಿನಾಲ್ಕರ ಮಧ್ಯಾಹ್ನ ಬಂತು. ಇವರ ಮುಂದೆ ಕೂತು ಓದಿದೆ. "ಆ ಕಿಂಡಿಗಳೇ ಗೋಡೆಯ ಜೀವ" ಎನ್ನುವಲ್ಲಿ ಇವರು ಕೈ ಎತ್ತಿ ನಿಲ್ಲಿಸಿದರು. "ಸಾಕು ಮಲ್ಲಿ. ತಿಳೀತು. ನನ್ನ ಕೈಯಾರ ಮುಚ್ಚೀನಿ" ಎಂದರು. ಆಮೇಲೆ ಛೇಣಿ, ಸುತ್ತಿಗೆ ತೆಗೆದು ಬಾಗಿಲಲ್ಲಿಟ್ಟರು, ಆದರೆ ಆ ಸಂಜೆಯ ಮಳೆಯಲ್ಲಿ ಗೋಡೆಗೆ ಬಿರುಕು ಇದೆಯೋ ಇಲ್ಲವೋ ಕಾಣುವಂತಿರಲಿಲ್ಲ.

ಹದಿನೈದರ ಬೆಳಿಗ್ಗೆ ಡಬ್ಬಿಯಲ್ಲಿ ನೂರಾ ಇಪ್ಪತ್ತೆಂಟು ಇತ್ತು. ನಮ್ಮ ಗಲ್ಲಿಯವರನ್ನು ಹೊರಗೆ ನಿಲ್ಲಿಸಿ ಇವರು ಮಗ್ಗುಲಿಗೆ ನಿಂತು ಛೇಣಿ ಹಚ್ಚಿದರು. ಮೊದಲನೇ ಕಿಂಡಿ ಬಿಚ್ಚಿದಾಗ ಗೋಣಿಯ ಸಮೇತ ನೀರು ಹಾರಿ ಎದುರು ಮನೆಯ ತಗಡಿನ ಪತ್ರಾಕ್ಕೆ ಬಡಿಯಿತು. ಹನ್ನೆರಡೂ ಕಿಂಡಿ ಬಿಚ್ಚುವ ಹೊತ್ತಿಗೆ ಗಲ್ಲಿಯಲ್ಲಿ ಮೊಳಕಾಲು ಕೆಸರು. ಎರಡು ದಿನಕ್ಕೆ ಸರ್ವೇ ಇದೆ, ಗಲ್ಲಿ ಹಾಳು ಮಾಡಿದಿರಿ ಎಂದು ಹೆಂಗಸರು ಇವರಿಗೆ ಹಾಕದ ಶಾಪವಿಲ್ಲ. ಇವರು ತಲೆ ಎತ್ತಲಿಲ್ಲ.

ಪಕ್ಕದ ಗಲ್ಲಿಗೆ ಹೋದರೆ ಯಾರೂ ನಂಬಲು ತಯಾರಿಲ್ಲ. ಗದಿಗೆಪ್ಪ ನಕ್ಕ. "ಏ ಅಕ್ಕಾ, ನಿಮ್ಮಣ್ಣ ಹತ್ತು ದಿನದ ಹಿಂದ ಛಲೋ ಮಾಡೀರಿ ಅಂತ ಬರದಿದ್ದ, ಈಗ ಕೆಟ್ಟ ಮಾಡೀರಿ ಅಂತಾನ. ಯಾವುದು ಖರೇ?" ಎಂದ. ರಂಜನಾ ಕೈ ಮುಗಿದಳು, "ನಾಡಿದ್ದು ಸರ್ವೇ, ಇವತ್ತು ಮನೆ ಬಿಡು ಅಂತೀಯಲ್ಲ, ನಿನಗೆ ತಲೆ ಸರಿ ಇದೆಯಾ?" ಎಂದು ಮರಾಠಿಯಲ್ಲಿ ಅಂದಳು. ನಾನು ಇಷ್ಟು ದಿನ ನಿನಗೆ ಹೇಳಿದ ಮಾತನ್ನೇ ಅವಳು ನನಗೆ ತಿರುಗಿಸಿ ಹೇಳಿದಳು. ವಾರ್ಡ್ ಆಫೀಸಿಗೆ ಫೋನ್ ಮಾಡಿದರೆ, ಅರ್ಧ ಊರು ನೀರಿನಲ್ಲಿದೆ, ಮಂದಿಯನ್ನು ಕಳಿಸುತ್ತೇವೆ, ಅಲ್ಲಿಯ ತನಕ ನೀವು ಹೊರಗೆ ಬನ್ನಿ ಎಂದರು.

ನಾನು ಮಳೆಯಲ್ಲಿ ನಿಂತು ಯೋಚಿಸಿದೆ. ಈ ಜನ ಸಾವಿಗೆ ಹೆದರಿ ಮನೆ ಬಿಡುವುದಿಲ್ಲ. ನಾನೇ ಬಿಟ್ಟಿರಲಿಲ್ಲವಲ್ಲ. ಒಂದಕ್ಕೆ ಮಾತ್ರ ಬಿಡುತ್ತಾರೆ. ಮನೆಗೆ ಹೋಗಿ, ಕೆಲಸದಿಂದ ಈಗ ಬಂದವಳಂತೆ ಕಾಣಲೆಂದು ಕೆಲಸದ ಸೀರೆ ಉಟ್ಟು ಬಂದು, ಗಲ್ಲಿಯ ಬಾಯಿಯಲ್ಲಿ ನಿಂತು ಕೂಗಿದೆ. "ಏ, ಕೇಳ್ರಿ! ನಮ್ಮ ಸಾಹೇಬ್ರ ಮನಿಯಿಂದ ಬಂದೆ. ಸರ್ವೇ ಇವತ್ತೇ ಐತಂತ! ಎರಡಕ್ಕ, ಮುನಸಿಪಾಲ್ಟಿ ಸಾಲಿಯೊಳಗ. ಮಳಿ ಅಂತ ಮನಿಗೆ ಬರಂಗಿಲ್ಲಂತ. ಮನಿ ಮಂದಿ ಎಲ್ಲಾ ಬರಬೇಕು, ಮುದುಕರು, ಕೂಸುಗಳು ಸುದ್ದಾ. ತಲಿ ಎಣಸ್ತಾರ!" ಅದನ್ನೇ ಮರಾಠಿಯಲ್ಲಿ, ಹಿಂದಿಯಲ್ಲಿ ಕೂಗಿದೆ.

ಅಣ್ಣಾ, ಅರ್ಧ ತಾಸಿನಲ್ಲಿ ಏಳು ರೂಮು ಖಾಲಿ. ಮೂವತ್ತೆಂಟು ಜನ. ಫೈಲು, ರೇಶನ್ ಕಾರ್ಡು, ಲೈಟ್ ಬಿಲ್ಲುಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಎದೆಗೆ ಅವಚಿಕೊಂಡು ಓಡಿದರು. ರಂಜನಾಳ ಅತ್ತೆಯನ್ನು ಗದಿಗೆಪ್ಪ ಬೆನ್ನ ಮೇಲೆ ಹೊತ್ತ. ಶಾಲೆಯಲ್ಲಿ ಅವರೇ ಸಾಲು ಮಾಡಿ ಕೂತರು. ಎರಡಾಯಿತು, ಎರಡೂವರೆ ಆಯಿತು. ಸಾಹೇಬರು ಎಲ್ಲಿ ಎಂದು ಒಬ್ಬೊಬ್ಬರೇ ಕೇಳತೊಡಗಿದರು. ನಾನು ಬಾಗಿಲಿಗೆ ಅಡ್ಡ ಕೂತಿದ್ದೆ. ಬರ್ತಾರ, ಟ್ರಾಫಿಕ್ ಐತಿ ಎನ್ನುತ್ತಿದ್ದೆ. ಮೂರಕ್ಕೆ ಗದಿಗೆಪ್ಪ ಎದ್ದು, "ಸುಳ್ಳ ಹೇಳಾಕತ್ತಿ ನೀನು. ಅತ್ತಾಗ ಸರಿ, ನಾ ಹೊಂಟೆ" ಎಂದ. ಕಾಲು ಹಿಡಿದೆ. ಬಿಡಿಸಿಕೊಳ್ಳುತ್ತಿದ್ದ. ಆಗ ಸದ್ದಾಯಿತು. ಗುಡುಗು ಎಂದುಕೊಂಡರು. ಗುಡುಗು ಇಷ್ಟು ಹೊತ್ತು ಇರುವುದಿಲ್ಲ.

ಗೋಡೆ, ಅದರ ಹಿಂದಿನ ಗುಡ್ಡ, ಮೇಲಿನ ಎರಡು ಮರ, ಎಲ್ಲ ಆ ಏಳು ರೂಮಿನ ಮೇಲೆ ಬಂದಿತ್ತು. ನಮ್ಮ ಗಲ್ಲಿಯ ಗೋಡೆ ನಿಂತಿದೆ, ಕಿಂಡಿಗಳಿಂದ ನೀರು ಇನ್ನೂ ಬರುತ್ತಿದೆ.

ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎನ್ನುತ್ತಾರೆ. ನಾನು ಹೇಳಿದ್ದು ಒಂದೇ ಸುಳ್ಳು.

ಮಲ್ಲಕ್ಕ


ವಿಜಯಪುರ, ಜುಲೈ 26

ಮಲ್ಲಕ್ಕಾ,

ನಿನ್ನ ಪತ್ರವನ್ನು ಶರಣವ್ವನಿಗೆ ಓದಿ ಹೇಳಲು ಹೋದೆ, ಆಗಲಿಲ್ಲ. ಅವಳೇ ಕೈಯಿಂದ ತೆಗೆದುಕೊಂಡು ಓದಿಕೊಂಡಳು.

ಒಂದು ಮಾತನ್ನು ನಾನು ನಿನಗೆ ಹೇಳಲೇಬೇಕು. ಗೋಡೆಯ ನೀರಿನ ಕಾಟ ಮುಗಿಯಿತು ಎಂದು ನೀನು ಜೂನಿನಲ್ಲಿ ಬರೆದಾಗ, ಖಂಡಪ್ಪನವರು ನೀರು ಹರಿಯಲು ಕಾಲುವೆ ತೋಡಿದರು ಎಂದುಕೊಂಡೆ. ಹೇಗೆ ಮುಗಿಯಿತು ಎಂದು ಕೇಳಲಿಲ್ಲ. ಕೇಳಲು ಒಂದು ಸಾಲು ಸಾಕಾಗುತ್ತಿತ್ತು. ನನಗೆ ಸಮುದ್ರದ ಬಿಸಿ, ಆವಿ, ಭರತಿ ಎಂದು ಹೇಳಿಕೊಳ್ಳುವ ಉಮೇದು. ಆಫೀಸು ಬಿಟ್ಟು ಒಂಬತ್ತು ವರ್ಷವಾಯಿತು, ನನ್ನನ್ನು ಯಾರೂ ಏನೂ ಕೇಳುವುದಿಲ್ಲ. ನೀನು ಕೇಳಿದೆ, ನಾನು ಹಿಗ್ಗಿದೆ. ಆ ಹಿಗ್ಗಿನಲ್ಲಿ ಬರೆದ ಶಾಬಾಸ್‌ನಿಂದ ಪಕ್ಕದ ಗಲ್ಲಿಯ ಗೋಡೆಯ ಕಿಂಡಿಗಳೂ ಮುಚ್ಚಿದವು. ಮೂವತ್ತನಾಲ್ಕು ವರ್ಷ ಮಳೆ ಅಳೆದವನು ನಾನು. ತಪ್ಪು ಖಂಡಪ್ಪನವರದಲ್ಲ. ಅವರಿಗೆ ಇದನ್ನು ಓದಿ ಹೇಳು, ಪಕ್ಕದ ಗಲ್ಲಿಯವರಿಗೂ ಓದಿ ಹೇಳು. ಈ ಸಲ ಪೂರ್ತಿ ಓದು.

ಸರ್ವೇ ಆಯಿತೇ? ಆ ಏಳು ಮನೆಯವರು ಎಲ್ಲಿದ್ದಾರೆ? ನೀನು ಇನ್ನೂ ಬೊರಿವಲಿಗೆ ಹೋಗಿಲ್ಲ ಎಂದು ರಾಧಿಕಾ ಹೇಳಿದಳಂತೆ. ಯಾಕೆ? ಈಗ ಕೇಳುತ್ತಿದ್ದೇನೆ, ಉತ್ತರ ಬರೆ.

ಅಣವೀರಪ್ಪ


ಮುಲುಂಡ್, ಆಗಸ್ಟ್ 5

ಅಣ್ಣಾ,

ನಿನ್ನ ಪತ್ರವನ್ನು ಶಾಲೆಯಲ್ಲಿ ಪೂರ್ತಿ ಓದಿದೆ. ಅದಕ್ಕೆ ಮೊದಲೇ ಇವರು ಅಲ್ಲಿಗೆ ಹೋಗಿ, "ಕಿಂಡಿ ಮುಚ್ಚಿದ್ದಕ್ಕ ಗ್ವಾಡಿ ಬಿತ್ತು, ಮುಚ್ಚಿದವ ನಾನು" ಎಂದು ಹೇಳಿ ಬಂದಿದ್ದರು. ಗದಿಗೆಪ್ಪ ಇವರ ಅಂಗಿ ಹಿಡಿದ. ಇವರು ಬಿಡಿಸಿಕೊಳ್ಳಲಿಲ್ಲ. ಸ್ವಲ್ಪ ಹೊತ್ತಿಗೆ ಅವನೇ ಬಿಟ್ಟ.

ಸರ್ವೇ ಹದಿನೇಳಕ್ಕೆ ಆಯಿತು. ನಮ್ಮ ಹೆಸರು ಸೇರಿತು. ಅದನ್ನು ಬರೆಯಲು ನನಗೆ ನಾಚಿಕೆ. ಆ ಏಳು ರೂಮಿನ ಹತ್ತಿರ ಬಂದು ಅವರು ಕಾಗದ ನೋಡಿದರು, ಮಣ್ಣು ನೋಡಿದರು. ರೂಮೇ ಇಲ್ಲ, ಏನೆಂದು ಬರೆಯಲಿ ಎಂದರು. ಮೇಲಿನವರನ್ನು ಕೇಳಿ ತಿಳಿಸುತ್ತೇವೆ ಎಂದು ಹೋದರು. ಇನ್ನೂ ಏನೂ ತಿಳಿಸಿಲ್ಲ. ಆ ಮೂವತ್ತೆಂಟು ಜನ ಶಾಲೆಯಲ್ಲೇ ಇದ್ದಾರೆ.

ಬೊರಿವಲಿಗೆ ಯಾಕೆ ಹೋಗಿಲ್ಲ ಎಂದು ಕೇಳಿದ್ದೀ. ನಾನು ದಿನಾ ಕೆಲಸಕ್ಕೆ ಹೋಗುವ ಮುಂಚೆ ಶಾಲೆಗೆ ಒಂದು ಬುಟ್ಟಿ ಚಪಾತಿ ತೆಗೆದುಕೊಂಡು ಹೋಗುತ್ತೇನೆ. ಚಪಾತಿ ತಿನ್ನುತ್ತಾರೆ, ನನ್ನನ್ನು ಬೈಯುತ್ತಾರೆ. ಗಂಡ ಕಿಂಡಿ ಮುಚ್ಚಿದ, ಹೆಂಡತಿ ಸುಳ್ಳು ಹೇಳಿ ಮನೆ ಬಿಡಿಸಿದಳು, ಈಗ ತಮ್ಮ ಹೆಸರು ಸೇರಿಸಿಕೊಂಡು ಕೂತಿದ್ದಾರೆ ಎನ್ನುತ್ತಾರೆ. ರಂಜನಾ ಮಾತ್ರ ಬೈಯುತ್ತಿರಲಿಲ್ಲ. ನಾನು ಹೋದರೆ ಗೋಡೆಯ ಕಡೆ ಮುಖ ತಿರುಗಿಸಿ ಕೂತುಬಿಡುತ್ತಿದ್ದಳು. ಹದಿನೆಂಟು ವರ್ಷದ ಗೆಳೆತನ ಅಣ್ಣ, ಅದು ನನಗೆ ಬೈಗುಳಕ್ಕಿಂತ ಹೆಚ್ಚು ನೋಯುತ್ತಿತ್ತು.

ನಿನ್ನೆ ಬೆಳಿಗ್ಗೆ ಮತ್ತೆ ಜೋರು ಮಳೆ. ಶಾಲೆಗೆ ಹೋದರೆ ರಂಜನಾ ಇಲ್ಲ. ಅವಳ ಅತ್ತೆ, "ಕಾಗದ ತರ್ತೀನಿ ಅಂತ ಗುಡ್ಡಕ್ಕೆ ಹೋದಳು" ಎಂದಳು. ಮನೆ ತೆರಿಗೆಯ ಹಳೆಯ ರಸೀದಿ ಇದ್ದ ಡಬ್ಬಿ ಮಣ್ಣಿನಲ್ಲಿ ಉಳಿದಿದೆಯಂತೆ. ಅದು ಸಿಕ್ಕರೆ ರೂಮು ಇತ್ತು ಎಂದು ತೋರಿಸಬಹುದಂತೆ.

ಬುಟ್ಟಿ ಅಲ್ಲೇ ಇಟ್ಟು ಓಡಿದೆ. ಯಾರೂ ಹೋಗದಂತೆ ಮುನಸಿಪಾಲ್ಟಿಯವರು ಅಡ್ಡ ಕಟ್ಟಿದ ಪಟ್ಟಿ ದಾಟಿ, ಮಣ್ಣಿನ ಗುಡ್ಡೆಯ ಮೇಲೆ ಅವಳು ಒಬ್ಬಳೇ ಕೂತು ಸಲಿಕೆಯಿಂದ ಬಗೆಯುತ್ತಿದ್ದಳು. ಮೇಲೆ ಅರ್ಧ ಉಳಿದ ಗೋಡೆ, ಅದರ ಹಿಂದಿನಿಂದ ಹಸಿ ಮಣ್ಣು ಇಷ್ಟಿಷ್ಟೇ ಉದುರುತ್ತಿತ್ತು. ಬಾ ಎಂದೆ, ತಿರುಗಿಯೂ ನೋಡಲಿಲ್ಲ. ಕೈ ಮುಗಿದೆ. ನಿನ್ನ ಹಾಗೆ ನೀರು, ಎತ್ತರ, ನಾಲ್ಕು ಪಟ್ಟು ಎಂದೆಲ್ಲ ಹೇಳಿದೆ. ಅವಳು ಬಗೆಯುತ್ತಲೇ ಇದ್ದಳು. ಮತ್ತೊಂದು ಸುಳ್ಳು ಹೇಳಿದರೆ ಈ ಜನ್ಮದಲ್ಲಿ ಅವಳು ನಂಬುವುದಿಲ್ಲ.

ಆಗ ನಾನು ಸೊಂಟದ ಮೇಲೆ ಕೈ ಇಟ್ಟು, "ಹುಡುಕು, ಹುಡುಕು! ನನ್ನ ಹೆಸರಂತೂ ಸೇರಿತು. ನಾನು ಬಿಲ್ಡಿಂಗಿಗೆ ಹೋಗ್ತೀನಿ, ನೀನು ಮಣ್ಣು ಬಗೀತಾ ಕೂತಿರು!" ಎಂದು ಮರಾಠಿಯಲ್ಲಿ ಕೂಗಿದೆ.

ಸಲಿಕೆ ಒಗೆದು ಎದ್ದಳು. ಏನೇನು ಬೈದಳು ಎಂದು ಬರೆಯಲಾರೆ, ವೈನಿ ಓದುತ್ತಾಳೆ. ನನ್ನ ತಾಯಿಯನ್ನೂ ಬಿಡಲಿಲ್ಲ, ನಿನ್ನನ್ನೂ ಬಿಡಲಿಲ್ಲ. ನಾನು ಹಿಂದೆ ಸರಿದೆ. ಅವಳು ಮುಂದೆ ಬಂದಳು. ಅವಳ ಬಾಯಿ ತಗ್ಗಿತು ಅನ್ನಿಸಿದಾಗಲೆಲ್ಲ ನಾನು ಇನ್ನೊಂದು ಕೆಟ್ಟ ಮಾತು ಆಡುತ್ತಿದ್ದೆ. ಪಟ್ಟಿ ದಾಟಿದಳು, ಗಲ್ಲಿ ದಾಟಿದಳು, ಮೆಟ್ಟಿಲು ಇಳಿದಳು. ರಸ್ತೆಯ ಜನ ನಿಂತು ನೋಡಿದರು. ಶಾಲೆಯ ಗೇಟಿನ ತನಕ ನನ್ನ ಬೆನ್ನ ಹಿಂದೆ ಬೈಯುತ್ತಾ ಬಂದಳು.

ಅವಳು ಒಳಗೆ ಕಾಲಿಟ್ಟ ಮೇಲೆ ನಾನು ಸುಮ್ಮನಾದೆ. ಅವಳು ಬೈಯುತ್ತಲೇ ಇದ್ದಳು.

ನಿನ್ನ ತಂಗಿ
ಮಲ್ಲಕ್ಕ